ಭೂಮದಿಂದ ಎದ್ದು ಹೋದ ಭಾವ

ನಮ್ಮ ಭಾವ ಷಡಕ್ಷರಿ ಬಡಿಸಿದ ಊಟ ಉಣ್ಣದವರು ಅಜ್ಜಂಪುರ, ತರೀಕೆರೆ, ಕಡೂರು ಮೂರು ತಾಲ್ಲೂಕಿನಲ್ಲೂ ಕಡಿಮೆ. ಅವರು ಉಂಡದ್ದನ್ನು ಕಂಡವರು ಇನ್ನೂ ಕಡಿಮೆ. ನಲವತ್ತು ವರ್ಷ ಮದುವೆ, ಗೃಹಪ್ರವೇಶ, ನಾಮಕರಣ ಎನ್ನದೆ ಪಂಕ್ತಿಗಳ ನಡುವೆ ಸೊಂಟ ಬಗ್ಗಿಸಿಕೊಂಡು ಓಡಾಡಿದ ಮನುಷ್ಯ. ಅಡುಗೆ ಬರುವುದಿಲ್ಲ. ಕಾಫಿ ಮಾಡುತ್ತಾರೆ, ಅದನ್ನು ಅಕ್ಕನೂ ಕುಡಿಯುವುದಿಲ್ಲ. ಆದರೆ ಇನ್ನೂರು ಜನಕ್ಕೆ ಮಾಡಿದ ಪಾಯಸವನ್ನು ಮುನ್ನೂರು ಜನಕ್ಕೆ, ಯಾರಿಗೂ ಕಡಿಮೆಯಾಯಿತು ಅನ್ನಿಸದ ಹಾಗೆ ಮುಟ್ಟಿಸಬಲ್ಲರು. ಷಡಕ್ಷರಿ ಬಂದಿದ್ದಾನೆ ಎಂದರೆ ಅಡುಗೆಯವರು ಒಲೆ ಬಿಟ್ಟು ನೆಮ್ಮದಿಯಾಗಿ ಎಲೆ ಅಡಿಕೆ ಹಾಕಲು ಕೂರುತ್ತಿದ್ದರು.

ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಾದರೇನು ಎನ್ನುತ್ತಾರೆ. ನಮ್ಮ ಅಕ್ಕ ಉಚ್ಚಂಗಮ್ಮನಿಗೆ ಬಡಿಸುವವನು ನಮ್ಮವನಾದದ್ದೇ ತಾಪತ್ರಯ.

ಅವಳ ಮದುವೆ ಶಿವನಿಯಲ್ಲಿ, ನಮ್ಮ ಮನೆಯ ಮುಂದಿನ ಚಪ್ಪರದಲ್ಲೇ ಆಯಿತು. ಧಾರೆ ಮುಗಿದ ಮೇಲೆ ಭೂಮದ ಊಟ. ಒಂದೇ ದೊಡ್ಡ ತಟ್ಟೆಯ ಸುತ್ತ ಗಂಡು, ಹೆಣ್ಣು, ಹತ್ತಿರದ ನೆಂಟರು ಕೂತು ಒಟ್ಟಿಗೆ ಉಣ್ಣುವುದು ನಮ್ಮಲ್ಲಿ ಪದ್ಧತಿ. ಹೆಣ್ಣು ಗಂಡನ ಜೊತೆ ಕೂತು ತಿನ್ನುವ ಮೊದಲ ತುತ್ತು ಅದು. ಭಾವ ಬಾಸಿಂಗ ಕಟ್ಟಿಕೊಂಡು ಕೂತರು. ಅತ್ತ ಪಂಕ್ತಿಯಲ್ಲಿ ಯಾರೋ "ಸಾರು, ಸಾರು" ಎಂದು ಎರಡು ಸಲ ಕೇಳಿದರು. ಮೂರನೇ ಸಲಕ್ಕೆ ಮದುಮಗನೇ ಎದ್ದು ಹೋಗಿ ಸಾರಿನ ಬಕೆಟ್ ಹಿಡಿದಿದ್ದರು. ಆಗ ಹೈಸ್ಕೂಲಿನಲ್ಲಿದ್ದ ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು. ನಕ್ಕದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಮನೆಯಲ್ಲೂ ಅದೇ ಚಾಳಿ. ಹೆಂಡತಿಗೆ ಬಡಿಸಿ, ಮಗಳಿಗೆ ಬಡಿಸಿ, ಎಲ್ಲರೂ ಕೈ ತೊಳೆದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾಲ್ಕು ತುತ್ತು ನುಂಗುತ್ತಿದ್ದರು. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ಬೀದಿಯ ಹೆಂಗಸರು ಹೊಗಳಿದರೆ ಅಕ್ಕ, "ಎರಡು ದಿನ ನೀವೇ ಕರ್ಕೊಂಡೋಗ್ರವ್ವ" ಎನ್ನುತ್ತಿದ್ದಳು. ಅವಳಿಗೆ ಒಡವೆ ಬೇಡ, ಯಾತ್ರೆ ಬೇಡ. ಗಂಡ ಪಕ್ಕದಲ್ಲಿ ಕೂತು, ನಡುವೆ ಎದ್ದು ಹೋಗದೆ, ತನ್ನ ಜೊತೆ ಒಂದು ಊಟ ಉಣ್ಣಬೇಕು. ಅಷ್ಟೇ.

ಈಗ ಕಲ್ಯಾಣಮಂಟಪಗಳಲ್ಲಿ ಬಫೆ ಬಂದು ಭಾವನಿಗೆ ಕರೆ ಕಡಿಮೆಯಾಗಿದೆ. ಮಂಡಿಯೂ ಸಾಕು ಎಂದಿದೆ. ಹೋದ ತಿಂಗಳು ಅವರ ಮದುವೆಗೆ ಮೂವತ್ತಾರು ವರ್ಷ ತುಂಬಿತು. ಮಗಳು ಅಕ್ಷತಾ ಒಂದು ಉಪಾಯ ತೆಗೆದಳು. ತರೀಕೆರೆಯ ಸೂಫಿಯಾ ಎಂಬಾಕೆ ಎಂಟು ವರ್ಷ ಹಡಗಿನ ಅಡುಗೆಮನೆಯಲ್ಲಿ ದುಡಿದು ಬಂದು, ಕಡೂರಿನಿಂದ ಬೀರೂರಿಗೆ ಹೋಗುವ ರಸ್ತೆಯಲ್ಲಿ ಹೋಟೆಲ್ ತೆರೆದಿದ್ದಾಳೆ. ಊರೂರಿನದಲ್ಲ, ದೇಶದೇಶದ ತಿಂಡಿ. ಪ್ರತಿಯೊಂದೂ ಒಂದೇ ತಟ್ಟೆಯಲ್ಲಿ ಟೇಬಲ್ಲಿನ ನಡುವೆ ಬರುತ್ತದೆ, ಸುತ್ತ ಕೂತವರು ಕೈ ಹಾಕಿ ತಿನ್ನಬೇಕು.

"ಅಲ್ಲಿ ಬಡಿಸೋ ಸಿಸ್ಟಮ್ಮೇ ಇಲ್ಲ ಮಾವ. ಅಪ್ಪ ಏಳೋಕೆ ಕಾರಣಾನೇ ಇರಲ್ಲ. ಅಮ್ಮನ ಭೂಮದೂಟ ಅಲ್ಲೇ ಮುಗಿಸ್ಬಿಡಣ" ಎಂದಳು.

ಮಾತು ಸರಿ ಅನ್ನಿಸಿತು. ಭಾನುವಾರ ಮಧ್ಯಾಹ್ನ ಅಕ್ಕ, ಭಾವ, ಅಕ್ಷತಾ, ಅವಳ ಗಂಡ ಯೋಗಾನಂದ, ನಾನು, ಐದು ಜನ ಹೋದೆವು. ಅಕ್ಕ ರೇಷ್ಮೆ ಸೀರೆ ಉಟ್ಟಿದ್ದಳು. ಭಾವನನ್ನು ಗೋಡೆಯ ಕಡೆ ತಳ್ಳಿ, ಪಕ್ಕಕ್ಕೆ ಅಕ್ಕನನ್ನು ಕೂರಿಸಿ, ಈ ತುದಿಗೆ ಬಿರಡೆಯ ಹಾಗೆ ನಾನು ಕೂತೆ. ನಮ್ಮದು ಸಸ್ಯಾಹಾರ ಎಂದು ಅಕ್ಷತಾ ಮೊದಲೇ ಹೇಳಿಟ್ಟಿದ್ದಳು.

ಮೊದಲ ತಟ್ಟೆ ಬಂತು. ಟಿಬೆಟಿನ ಕಡೆಯ ಮೋಮೊ, ನಮ್ಮ ಕಡುಬಿನ ದಾಯಾದಿ. ತಟ್ಟೆಯಲ್ಲಿ ನಾಲ್ಕೇ ನಾಲ್ಕು. ನಾವು ಐದು ಜನ. ನಮ್ಮ ಉಪಾಯ ಅಲ್ಲಿಗೇ ಕೆಟ್ಟಿತು. ಐದು ಜನಕ್ಕೆ ನಾಲ್ಕು ಬಂದರೆ ಭಾವ ಸುಮ್ಮನೆ ಕೂರುತ್ತಾರೆಯೇ?

"ತಡೀರಪ್ಪ, ಯಾರೂ ಕೈ ಹಾಕ್ಬೇಡಿ" ಎಂದು ಚಮಚ ಹಿಡಿದರು. ನಾಲ್ಕು ಜನರ ಮುಂದಿದ್ದ ಸಣ್ಣ ತಟ್ಟೆಗಳಿಗೆ ನಾಲ್ಕು ಹೋಯಿತು. "ನಂದಾಯ್ತು" ಎಂದರು, ಖಾಲಿ ತಟ್ಟೆಯ ಮುಂದೆ.

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಎಲ್ಲರ ತಟ್ಟೆಯ ಎಡತುದಿಗೆ ಉಪ್ಪು ಬಿತ್ತು. ಅರಬ್ಬರ ಹಮ್ಮಸ್ ಬಂದಾಗ ಮೂಸಿ ನೋಡಿ, ಕಡಲೆಕಾಳು ಎಂದು ತಿಳಿದು, ಚಟ್ನಿಯ ಜಾಗಕ್ಕೆ ಹಾಕಿದರು. ಮೆಕ್ಸಿಕೋದ ಟಾಕೋವನ್ನು ಬಿಚ್ಚಿ ಒಳಗಿನದನ್ನು ಪಲ್ಯದ ಜಾಗಕ್ಕೆ, ಹೊರಗಿನದನ್ನು ಹಪ್ಪಳದ ಜಾಗಕ್ಕೆ ಇಟ್ಟರು. ಥಾಯ್ಲೆಂಡಿನ ನೂಡಲ್ಸ್ ಚಿತ್ರಾನ್ನವಾಯಿತು. ಲೋಕವನ್ನೆಲ್ಲ ಒಂದೇ ಎಲೆಗೆ ತಂದ ಮೇಲೆ, "ತಿಪ್ಪೇಶಿ, ಸ್ವಲ್ಪ ಸರಿಯಪ್ಪ, ಕೈ ತೊಳ್ಕೊಂಬತ್ತೀನಿ" ಎಂದರು. ನಾನು ಪೆದ್ದನ ಹಾಗೆ ಸರಿದೆ.

ನೋಡುತ್ತೇನೆ, ಪಕ್ಕದ ಟೇಬಲ್ಲಿನ ನೂಡಲ್ಸ್ ತಟ್ಟೆ ಭಾವನ ಕೈಯಲ್ಲಿದೆ. "ಸಂಕೋಚ ಮಾಡ್ಕೋಬೇಡಿ, ಇನ್ನೊಂಚೂರು ಹಾಕಿಸ್ಕೊಳ್ಳಿ" ಎಂದು ಗುರುತಿಲ್ಲದವರನ್ನು ಉಪಚರಿಸುತ್ತಿದ್ದಾರೆ. ಅವರೂ ಹಾಕಿಸಿಕೊಳ್ಳುತ್ತಿದ್ದಾರೆ. ಮೂರು ಟೇಬಲ್ಲು ಸುತ್ತಿದರು. ಸೂಫಿಯಾ ಬಂದು, "ಯಜಮಾನ್ರೆ, ನೀವು ಕೂತ್ಕೊಳ್ಳಿ, ನಾನು ನೋಡ್ಕೋತೀನಿ" ಎಂದಳು. ಭಾವ ಅವಳಿಗೇ "ನೀನು ಒಳಗಡೆ ನೋಡ್ಕೊಳವ್ವ" ಎಂದರು. ಅಕ್ಷತಾ ತಲೆ ತಗ್ಗಿಸಿ ಕೂತಳು. ನನಗೆ ಸಿಟ್ಟು ನೆತ್ತಿಗೇರಿತು. ಈ ಮನುಷ್ಯನನ್ನು ಕುರ್ಚಿಗೆ ಕಟ್ಟಿಹಾಕಬೇಕಿತ್ತು.

ಕೊನೆಗೆ ಯೋಗಾನಂದ ತರಿಸಿದ ಎರಡನೇ ಮೋಮೊ ತಟ್ಟೆಯನ್ನು ಹಿಡಿದುಕೊಂಡು ಭಾವ ನಮ್ಮ ಕಡೆ ಬಂದರು. ನನ್ನ ಹೆಗಲ ಮೇಲಿಂದ ಅಕ್ಕನ ಕಡೆ ಬಗ್ಗಿ ಚಮಚ ಚಾಚಿದರು. ಅಕ್ಕ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

ಪಂಕ್ತಿಯಲ್ಲಿ ಕೈ ಅಡ್ಡ ಬಂದರೆ ಸಾಕು ಎಂದರ್ಥ. ಭಾವ ಇಂಥ ಸಾವಿರ ಕೈ ಕಂಡವರು. ಬೇಡ ಬೇಡ ಎನ್ನುತ್ತಲೇ ಬೆರಳ ಸಂದಿಯಲ್ಲಿ ಜಾಗ ಬಿಡುವ ಕೈ ಬೇರೆ, ನಿಜಕ್ಕೂ ಹೊಟ್ಟೆ ತುಂಬಿದ ಕೈ ಬೇರೆ. ಇದು ಎರಡೂ ಆಗಿರಲಿಲ್ಲ. ಅವರು ಕೈಯ ಕೆಳಗೆ ಇಣುಕಿದರು. ಬಡಿಸಿದ್ದೆಲ್ಲ ಬಡಿಸಿದ ಹಾಗೇ ಇತ್ತು. ಮೊದಲ ಮೋಮೊ ಕೂಡ.

"ಏನೇ ಇದು, ಒಂದು ತುತ್ತೂ ತಿಂದಿಲ್ವಲ್ಲೇ?"

"ಕಾಯ್ತಾ ಇದ್ದೀನಿ."

"ಯಾರನ್ನೇ?"

"ಸಾರು ಕೇಳ್ದೋರೆಲ್ಲ ಉಂಡು ಹೋಗಿ ಮೂವತ್ತಾರು ವರ್ಷ ಆಯ್ತು ಕಣ್ರೀ. ಇನ್ನಾದ್ರೂ ಬನ್ನಿ."

ಅಕ್ಕ ಇದನ್ನು ಜೋರಾಗಿ ಹೇಳಲಿಲ್ಲ. ಹೇಳಿದ್ದರೆ ಭಾವ ನಕ್ಕು ತೇಲಿಸಿಬಿಡುತ್ತಿದ್ದರು. ತಾನು ಬಡಿಸಿದ ಪಂಕ್ತಿಯಲ್ಲಿ ಒಬ್ಬರು ಹಸಿದು ಕೂತಿದ್ದಾರೆ ಎಂದು ತಿಳಿದ ಅವರ ಮುಖ ಚಿಕ್ಕದಾಯಿತು. ಚಮಚ ಕೆಳಗಿಟ್ಟು, ನನ್ನನ್ನೂ ಅಕ್ಕನನ್ನೂ ದಾಟಿಕೊಂಡು ಒಳಗೆ ಹೋಗಿ ಕೂತರು. ಕೂತವರಿಗೆ ಕೈ ಎಲ್ಲಿಡುವುದೆಂದೇ ತಿಳಿಯಲಿಲ್ಲ. ತೊಡೆಯ ಮೇಲಿಟ್ಟರು, ಟೇಬಲ್ಲಿನ ಮೇಲಿಟ್ಟರು. ಅಕ್ಕ ಮೋಮೊ ತಟ್ಟೆಯನ್ನು ಇಬ್ಬರ ನಡುವೆ ಎಳೆದುಕೊಂಡಳು.

ಭಾವ ಒಂದನ್ನು ತೆಗೆದು ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಮರುಕ್ಷಣ ಬಾಯಿ ತೆರೆದುಕೊಂಡಿತು, ಹಬೆ ಬಂತು, ಕಣ್ಣಲ್ಲಿ ನೀರು ಬಂತು.

"ಬಿಸಿ ಐತಲ್ಲೇ ಇದು" ಎಂದರು.

"ಊಟ ಅಂದ್ರೆ ಬಿಸಿಯಾಗೇ ಇರ್ತೈತೆ. ನೀವು ಬರೋ ಹೊತ್ತಿಗೆ ಆರಿರೋದು."

ಅಕ್ಕ ಇನ್ನೊಂದನ್ನು ಎರಡು ಹೋಳು ಮಾಡಿ, ಊದಿ, ಒಂದನ್ನು ಅವರ ಕೈಗಿಟ್ಟು ಇನ್ನೊಂದನ್ನು ತಾನು ಬಾಯಿಗೆ ಹಾಕಿಕೊಂಡಳು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಭಾವ ಏನೋ ಹೇಳಲು ನೋಡಿದರು. ಬಾಯಿ ತುಂಬ ಊಟವಿತ್ತು, ಆಗಲಿಲ್ಲ.