ಎರಡು ಬೆರಳಷ್ಟು ಹೊರಗೆ

ಆ ಚೆಂಡು ಗೆರೆಯ ಹೊರಗೆ ಬಿತ್ತೆಂದು ಕೂಗಿದವಳು ನಾನು. ಅದು ಎಲ್ಲಿ ಬಿತ್ತೆಂಬುದನ್ನು ನಾನು ನೋಡಿಯೇ ಇರಲಿಲ್ಲ. ಇಷ್ಟು ಹೇಳಲು ಇಷ್ಟೊಂದು ವರ್ಷಗಳು ಬೇಕಾದವು — ಯಾಕೆ ಬೇಕಾದವು ಎಂಬುದು ನನಗೇ ಇನ್ನೂ ಸರಿಯಾಗಿ ತಿಳಿದಿಲ್ಲ.

ನಾನು ಗಿರಿಜಾ. ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರ್. ತವರು ಶಿಗ್ಗಾಂವಿ. ಹುಡುಗಿಯಾಗಿದ್ದಾಗ ಟೆನಿಸ್ ಆಡಲೆಂದು ಬಸ್ ಹಿಡಿದು ಸವಣೂರಿಗೆ ಹೋಗುತ್ತಿದ್ದೆ. ಸುತ್ತ ಎಲ್ಲಿಯೂ ಇಲ್ಲದ ಒಂದು ಸಿಮೆಂಟ್ ಅಂಕಣ ಅಲ್ಲಿತ್ತು, ಯಾವ ಕಾಲದಲ್ಲಿ ಯಾರು ಹಾಕಿಸಿದ್ದೋ. ಶಾಹೀನ್ ಸಿಕ್ಕಿದ್ದು ಅಲ್ಲಿಯೇ. ವೀಳ್ಯದೆಲೆ ವ್ಯಾಪಾರದ ಮನೆಯ ಹುಡುಗಿ, ನನಗಿಂತ ಬಹಳ ಚಿಕ್ಕವಳು. ರ‍್ಯಾಕೆಟ್ ಹಿಡಿಯುವುದನ್ನು ಅವಳಿಗೆ ತೋರಿಸಿಕೊಟ್ಟವಳು ನಾನು. ಕೆಲವೇ ದಿನಗಳಲ್ಲಿ ನನ್ನನ್ನು ಸೋಲಿಸಿದಳು. ಆಮೇಲೆ ಅವಳೆದುರು ನಾನು ಗೆದ್ದದ್ದೇ ಇಲ್ಲ. ಅವಳದೊಂದು ಹೊಡೆತವಿತ್ತು — ಪಕ್ಕದ ಗೆರೆಗುಂಟ ನೇರವಾಗಿ ಹೋಗುವಂಥದ್ದು, ಗೆರೆಯ ಬಿಳಿ ಬಣ್ಣವನ್ನು ಸವರಿಕೊಂಡು ಹೋಗುವಂಥದ್ದು. ಅದು ನಾನು ಕಲಿಸಿದ್ದಲ್ಲ. ಎಲ್ಲಿಂದ ಬಂತೆಂದು ಕೇಳಿದರೆ, "ಗೆರಿ ಕಂಡ ಕೂಡ್ಲೆ ಕೈ ತಾನ ಹೋಗತೈತಿ ಅಕ್ಕಾ" ಎಂದು ನಗುತ್ತಿದ್ದಳು.

ನಾನು ಆಟ ಬಿಟ್ಟು ನೌಕರಿ ಹಿಡಿದೆ. ಅಂಕಣ ಬಿಟ್ಟಿರಲಾರದೆ ರಜೆಗಳಲ್ಲಿ, ಚೆಂಡು ಗೆರೆಯ ಹೊರಗೆ ಬಿದ್ದರೆ ಕೂಗಿ ಹೇಳುವ ಲೈನ್ ಅಂಪೈರ್ ಕೆಲಸ ಕಲಿತೆ. ಅವಳು ಆಡುತ್ತಲೇ ಹೋದಳು.

ಆ ವರ್ಷ ಹುಬ್ಬಳ್ಳಿಯಲ್ಲಿ ಮಹಿಳೆಯರ ವೃತ್ತಿಪರ ಸಿಂಗಲ್ಸ್ ಟೂರ್ನಿ ನಡೆಯಿತು. ಬಯಲಲ್ಲಿ ನೀಲಿ ಬಣ್ಣ ಬಳಿದ ಗಟ್ಟಿ ಅಂಕಣಗಳು. ಮಧ್ಯಾಹ್ನವಾದರೆ ಬೂಟಿನ ಅಡಿಯಿಂದಲೇ ಕಾವು ಏರುತ್ತಿತ್ತು. ಬೇರೆ ಬೇರೆ ದೇಶಗಳ ಆಟಗಾರ್ತಿಯರು ಬಂದಿದ್ದರು. ಸಂಘಟಕರು ಸ್ಥಳೀಯಳೆಂದು ಶಾಹೀನಳಿಗೆ ವೈಲ್ಡ್ ಕಾರ್ಡಿನಲ್ಲಿ ನೇರ ಪ್ರವೇಶ ಕೊಟ್ಟರು. ಮೊದಲ ಸುತ್ತು ಗೆದ್ದರೆ ವಿಶ್ವ ಶ್ರೇಯಾಂಕದ ಅಂಕ ಮೊದಲ ಸಲ ಅವಳ ಪಾಲಿಗೆ ಬರುತ್ತಿತ್ತು.

ಅವಳ ಪಂದ್ಯಕ್ಕೇ ನನ್ನನ್ನು ಹಾಕಿದರು. ಈ ಹುಡುಗಿ ನನಗೆ ಬೇಕಾದವಳು, ಬೇರೆ ಯಾರನ್ನಾದರೂ ಹಾಕಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ಹತ್ತಿರದಿಂದ ಅವಳ ಆಟ ನೋಡುವ ಆಸೆ — ಆಸೆಯೊಂದೇ ಎಂದು ಆಗ ಅಂದುಕೊಂಡಿದ್ದೆ.

ಮೂರನೆಯ ಸೆಟ್. ಇನ್ನೊಂದು ಪಾಯಿಂಟ್ ಬಂದರೆ ಶಾಹೀನ್ ಗೆದ್ದಳು. ಎದುರಾಳಿಯ ಚೆಂಡು ಅವಳ ಬಲಗೈಗೇ ಬಂತು. ಕಾಲು ಇಟ್ಟ ರೀತಿಯಲ್ಲೇ ನನಗೆ ಗೊತ್ತಾಯಿತು, ಅದೇ ಹೊಡೆತ, ನಾನು ಕಾಯುತ್ತಿದ್ದ ಗೆರೆಗೇ ಬರುತ್ತದೆ ಎಂದು. ಚೆಂಡಿಗಿಂತ ಮೊದಲು ಕಣ್ಣು ಗೆರೆಯ ಮೇಲಿರಬೇಕು. ಲೈನ್ ಅಂಪೈರಿಗೆ ಮೊದಲು ಕಲಿಸುವುದೇ ಅದನ್ನು. ನನ್ನ ಕಣ್ಣು ಅವಳ ಮುಖಕ್ಕೆ ಹೋಯಿತು. ನೆಟ್ಟಿನ ಆಚೆ, ನನಗೆ ಎದುರಾಗಿ ಇದ್ದಳು. ಗೆಲ್ಲುವ ಗಳಿಗೆಯಲ್ಲಿ ಮನುಷ್ಯರ ಮುಖ ಹೇಗಿರುತ್ತದೆ? ನನ್ನ ಮುಖಕ್ಕೆ ಎಂದೂ ಬಾರದ ಅದನ್ನು ಒಮ್ಮೆ ನೋಡಬೇಕೆನಿಸಿತು. ಅಷ್ಟೇ. ಅಷ್ಟರಲ್ಲಿ ಚೆಂಡು ನನ್ನ ಮುಂದೆಯೇ ಬಿದ್ದ ಸದ್ದು, ಹಿಂದಿನ ಪರದೆಗೆ ಬಡಿದ ಸದ್ದು.

"ಔಟ್!"

ಸುಮ್ಮನಿದ್ದಿದ್ದರೆ ಚೆಂಡು ಒಳಗೆ ಬಿತ್ತೆಂದೇ ಆಗುತ್ತಿತ್ತು. ನನ್ನ ಬಾಯಿಂದ ಯಾಕೆ ಆ ಮಾತೇ ಬಂತು? ನಮ್ಮ ಕಡೆಯ ಹುಡುಗಿಗೆ ಪಕ್ಷಪಾತ ಮಾಡಿದೆನೆಂದು ಜನ ಅಂದಾರು ಎಂಬ ಅಂಜಿಕೆಯೇ? ಹೊಟ್ಟೆಕಿಚ್ಚೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಪ್ರತಿ ಸಲವೂ ಉತ್ತರ ಬೇರೆಯೇ ಬರುತ್ತದೆ, ಯಾವುದನ್ನೂ ಪೂರ್ತಿ ನಂಬಲಾರೆ...

ಮಣ್ಣಿನ ಅಂಕಣವಾಗಿದ್ದರೆ ಚೆಂಡಿನ ಗುರುತು ಉಳಿಯುತ್ತಿತ್ತು, ಮುಖ್ಯ ಅಂಪೈರ್ ಇಳಿದು ಬಂದು ನೋಡುತ್ತಿದ್ದರು. ಇಲ್ಲಿ ಅದಿರಲಿಲ್ಲ. ಕ್ಯಾಮೆರಾ ಇರುವಷ್ಟು ದೊಡ್ಡ ಟೂರ್ನಿಯೂ ಅಲ್ಲ. ಎತ್ತರದ ಕುರ್ಚಿಯಲ್ಲಿದ್ದ ಅಂಪೈರ್ ನನ್ನತ್ತ ನೋಡಿ, "ಶೂರ್?" ಎಂದರು. ಹೌದೆಂದು ತಲೆಯಾಡಿಸಿದೆ. ಜನ ಕೂಗಿದರು. ಶಾಹೀನ್ ಮಾತ್ರ ವಾದ ಮಾಡಲಿಲ್ಲ. ನನ್ನನ್ನು ಒಮ್ಮೆ ನೋಡಿ ಹಿಂದಕ್ಕೆ ಹೋದಳು. ಅಲ್ಲಿಂದ ಆಟ ಅವಳ ಕೈ ತಪ್ಪಿತು. ಸೋತಳು.

ಸಂಜೆ ನೀರಿನ ನಲ್ಲಿಯ ಹತ್ತಿರ ಬಂದು ಕೇಳಿದಳು, "ಅಕ್ಕಾ, ಎಷ್ಟ ಹೊರಗ ಬಿದ್ದಿತ್ತು?"

ಆಗಲಾದರೂ ಹೇಳಬಹುದಿತ್ತು.

"ಎರಡ ಬೆರಳು" ಎಂದೆ.

ಅವಳು ತನ್ನ ಎರಡು ಬೆರಳು ಜೋಡಿಸಿ ನೋಡಿಕೊಂಡಳು. "ನೀ ಇದ್ದದ್ದು ಚಲೋ ಆತು ಬಿಡು. ಬ್ಯಾರೇದಾರು ಔಟ್ ಅಂದಿದ್ರ ನಾ ನಂಬತಿದ್ದಿಲ್ಲ."

ಆ ಎರಡು ಬೆರಳನ್ನು ಅವಳು ತಿದ್ದಿಕೊಳ್ಳತೊಡಗಿದಳು. ಸೋತ ಸಿಟ್ಟಿಗಿಂತ ಹೆಚ್ಚಾಗಿ ಆ ಹೊಡೆತದ ಮೇಲಿನ ನಂಬಿಕೆ ಹೋಗಿತ್ತು. ಚೆಂಡು ಒಳಗೆ, ಇನ್ನೂ ಒಳಗೆ ಬೀಳುವಂತೆ ಹೊಡೆಯಲು ರೂಢಿಸಿಕೊಂಡಳು. ಹಾಗೆ ಹೊಡೆದ ಚೆಂಡನ್ನು ಎದುರಾಳಿಗಳು ಓಡಿ ಬಂದು ಹಿಂದಿರುಗಿಸುತ್ತಿದ್ದರು. ಒಂದೆರಡು ವರ್ಷ ಅಲ್ಲಿ ಇಲ್ಲಿ ಆಡಿ ಸವಣೂರಿಗೆ ವಾಪಸು ಬಂದು, ಅದೇ ಸಿಮೆಂಟ್ ಅಂಕಣದಲ್ಲಿ ಹುಡುಗಿಯರಿಗೆ ಕಲಿಸತೊಡಗಿದಳು. ನಾನು ಅಂಪೈರ್ ಕೆಲಸ ಬಿಟ್ಟೆ. ಕೇಳಿದವರಿಗೆ ಬಿಸಿಲು ತಡೆಯುವುದಿಲ್ಲ ಎಂದೆ. ಅವಳ ಮನೆಗೆ ಹೋಗುವುದು, ಉಣ್ಣುವುದು ಮಾತ್ರ ನಡೆದೇ ಇತ್ತು — ಹೇಗೆ ನಡೆಯಿತೋ.

ಕಳೆದ ಚಳಿಗಾಲದಲ್ಲಿ ನಮ್ಮ ಶಾಲೆಯ ಹುಡುಗಿಯರನ್ನು ಅವಳ ಹುಡುಗಿಯರೊಡನೆ ಆಡಿಸಲು ಕರೆದುಕೊಂಡು ಹೋದೆ. ಅಲ್ಲಿ ಹಿರೇಕೆರೂರು ಕಡೆಯ ಮಾಸೂರಿನವಳೊಬ್ಬಳಿದ್ದಳು. ಸೋದರಮಾವನ ಮನೆಯಲ್ಲಿದ್ದು ಕಲಿಯುತ್ತಿದ್ದಾಳೆ. ಹೊಡೆದರೆ ಚೆಂಡು ಗೆರೆಯನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಶಾಹೀನಳ ಅದೇ ಹೊಡೆತ. ಶಾಹೀನ್ ಅವಳನ್ನು ನಿಲ್ಲಿಸಿದಳು.

"ಗೆರಿಗೆ ಆಸೆ ಪಡಬ್ಯಾಡ. ಎರಡ ಬೆರಳು ಒಳಗ ಹೊಡಿ. ನಾ ಎರಡ ಬೆರಳಿಗೆ ಸೋತಾಕಿ."

ಹುಡುಗಿ ಮುಂದಿನ ಚೆಂಡನ್ನು ಒಳಗೆ ಹೊಡೆದಳು.

ನನಗಿನ್ನು ಸುಮ್ಮನಿರಲಾಗಲಿಲ್ಲ. ಶಾಹೀನಳನ್ನು ಗೋಡೆಯ ಪಕ್ಕಕ್ಕೆ ಕರೆದೆ.

"ಹುಬ್ಬಳ್ಯಾಗಿನ ಆ ಚೆಂಡು... ಅದನ್ನ ನಾ ನೋಡೇ ಇಲ್ಲ, ಶಾಹೀನ್."

ಯಾವ ಚೆಂಡೆಂದು ಅವಳು ಕೇಳಲಿಲ್ಲ. "ಹಂಗಾರ ಒಳಗ ಬಿದ್ದಿತ್ತೇನು?"

"ಗೊತ್ತಿಲ್ಲ."

"ಎರಡ ಬೆರಳು?"

"ಸುಳ್ಳು."

ಅವಳು ರ‍್ಯಾಕೆಟ್ಟಿನ ತಂತಿಗಳನ್ನು ಸರಿಮಾಡುತ್ತ ನಿಂತಳು. "ಕಾಣಲಿಲ್ಲಂದ್ರ ಕಣ್ಣಿಗೆ ಕೈ ಅಡ್ಡ ಹಿಡೀತಾರಲ್ಲ. ಅಷ್ಟರ ಮಾಡಬೇಕಿತ್ತಲ್ಲ ನೀ?"

ನಿಜ. ಲೈನ್ ಅಂಪೈರಿಗೆ ಕಾಣದಿದ್ದರೆ ಎರಡೂ ಕೈಗಳಿಂದ ಕಣ್ಣು ಮರೆಮಾಡಿ ತೋರಿಸುವ ಸನ್ನೆಯೊಂದಿದೆ. ಅದರಲ್ಲಿ ಅವಮಾನವೇನೂ ಇಲ್ಲ. ಕುರ್ಚಿಯ ಅಂಪೈರ್ ತಾವೇ ತೀರ್ಪು ಕೊಡುತ್ತಿದ್ದರು. ಅವರಿಗೂ ಕಾಣದಿದ್ದರೆ ಆ ಪಾಯಿಂಟನ್ನು ಮತ್ತೆ ಆಡಿಸುತ್ತಿದ್ದರು. ನನ್ನ ಕೈಗಳು ಏಳಲಿಲ್ಲ.

"ಮತ್ತ ಏನ್ ನೋಡಾಕತ್ತಿದ್ದಿ?"

"ನಿನ್ನ ಮಾರಿ."

ಅವಳು ತಲೆಯೆತ್ತಿದಳು. "ಹೆಂಗಿತ್ತು?"

"ನಗಾಕತ್ತಿದ್ದಿಲ್ಲ ನೀ. ಬಾಯಿ ಸ್ವಲ್ಪ ತೆರದಿತ್ತು, ಸಣ್ಣ ಹುಡುಗ್ಯಾರದ ಇರತೈತಲ್ಲ ಹಂಗ. ಚೆಂಡು ಎಲ್ಲಿ ಬೀಳತೈತಿ ಅಂತ ನಿನಗ ಪಕ್ಕಾ ಗೊತ್ತಿದ್ದಂಗ ಇತ್ತು."

ಆ ಮುಖ ಈಗ ಬೇರೆ ಕಡೆ ತಿರುಗಿತು. ನಾನು ಕ್ಷಮಿಸು ಎನ್ನಲು ಹೊರಟೆ. ಅವಳು ಕೈ ಅಡ್ಡ ಮಾಡಿದಳು.

"ನನಗ ಹೇಳಿದ್ದು ಸಾಲೂದಿಲ್ರಿ. ಈ ಹುಡುಗ್ಯಾರಿಗೂ ನೀವ ಹೇಳ್ರಿ."

ಹೊರಗಿನವರಿಗೆಂಬಂತೆ ‘ರಿ’ ಹಚ್ಚಿ ಅವಳು ನನ್ನನ್ನು ಮಾತಾಡಿಸಿದ್ದು ಅದೇ ಮೊದಲು. ನನಗೆ ಬೇರೆ ಯಾವ ಬೈಗುಳವೂ ಅಷ್ಟು ತಾಕುತ್ತಿರಲಿಲ್ಲ.

ಹುಡುಗಿಯರು ಅಂಕಣದಲ್ಲೇ ಕುಳಿತರು, ನಮ್ಮ ಶಾಲೆಯವರೂ. ನಾನು ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಮಾಸೂರಿನ ಹುಡುಗಿ ಎದ್ದು ನಿಂತು, ನನ್ನನ್ನಲ್ಲ, ಶಾಹೀನಳನ್ನು ಕೇಳಿದಳು:

"ಹಂಗಾರ ನಾ ಎಲ್ಲಿಗೆ ಹೊಡೀಲ್ರಿ, ಮೇಡಂ?"

ಶಾಹೀನ್ ಅಂಕಣವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಉತ್ತರ ಅವಳಿಗೂ ಹೊಸದೇ ಎಂಬಂತೆ ನಿಧಾನವಾಗಿ ಹೇಳಿದಳು, "ಗೆರಿಗೇ ಹೊಡಿ."

ಯಾವಾಗಲೂ ಬಸ್ ಸ್ಟ್ಯಾಂಡಿನವರೆಗೆ ಬಂದು ಕಳಿಸುತ್ತಿದ್ದವಳು ಅಂದು ಬರಲಿಲ್ಲ. ಬರುತ್ತಾಳೇನೋ ಎಂದು ಹಿಂದಿರುಗಿ ನೋಡುವ ಹಕ್ಕೂ ನನಗಿರಲಿಲ್ಲ. ಹುಡುಗಿಯರನ್ನು ಕರೆದುಕೊಂಡು ನಡೆದೆ.