ಉರೀತೈತಾ?

ಶಿರಾದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಆಕೆ ಕೂತಿದ್ದನ್ನು ನಾನು ನೋಡಿರಲಿಲ್ಲ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಕೆನ್ನೆಗೆ ಟಿಶ್ಯೂ ಒತ್ತಿ, ಅದನ್ನು ಹಿಡಿದುಕೊಂಡು ಬಾಗಿಲ ಬೆಳಕಿಗೆ ಓಡುವಳು. ಜಿಡ್ಡು ಕಂಡರೆ ಹಗುರವಾದ ಕ್ರೀಮು, ಕಾಣದಿದ್ದರೆ ಗಟ್ಟಿಯಾದದ್ದು. ಹಚ್ಚುತ್ತಲೇ "ಉರೀತೈತಾ?" ಎಂದು ಕೇಳುವಳು. ಉತ್ತರಕ್ಕೆ ಕಾಯದೆ ಬಗ್ಗಿ ಅವರ ಕಾಲು ನೋಡುವಳು.

ಯಾಕೆಂದು ನನಗೆ ತಿಳಿದಿದ್ದು ಮದಲೂರಿನಲ್ಲಿ, ನನ್ನ ತಂಗಿಯ ಮದುವೆಯ ದಿನ. ತಂಗಿಯದು ಒಣ ಚರ್ಮ, ಹಿಂದಿನ ದಿನ ಹಚ್ಚಿದ ಅರಿಶಿನಕ್ಕೆ ಇನ್ನಷ್ಟು ಬಿಗಿದಿತ್ತು. ಸಿಂಗರಿಸಲು ಬಂದಿದ್ದ ಆಕೆ ಫೌಂಡೇಶನ್ ಹಚ್ಚಿ ಮುಗಿಸುವ ಹೊತ್ತಿಗೆ ಮುಹೂರ್ತ ಹತ್ತಿರವಾಗಿತ್ತು.

"ಉರೀತೈತಾ?"

"ಇಲ್ಲಕ್ಕ," ಎಂದಳು ತಂಗಿ. ಸೀರೆಯಂಚಿನ ಕೆಳಗೆ ಅವಳ ಕಾಲ್ಬೆರಳುಗಳು ಮುದುಡಿಕೊಂಡಿದ್ದವು. ಆಕೆ ಹತ್ತಿ ಒದ್ದೆ ಮಾಡಿ ಮುಖವನ್ನೆಲ್ಲ ಒರೆಸಿಬಿಟ್ಟಳು.

"ಟೈಮಾಯ್ತು, ಇರ್ಲಿ ಬುಡಮ್ಮ," ಎಂದು ಅಮ್ಮ ಗದರಿದಳು.

"ಯಾವ ಮದುವೆ ಹೆಣ್ಣೂ ಉರೀತೈತೆ ಅನ್ನಲ್ಲ ಕಣಮ್ಮ. ನಾವೇ ಕಾಲು ನೋಡ್ಬೇಕು," ಎಂದವಳು ಬೇರೆ ಕ್ರೀಮಿಗಾಗಿ ಚೀಲ ತಡಕತೊಡಗಿದಳು.

ಮೊದಲ ದೀಪಾವಳಿಗೆ ತವರಿಗೆ ಬಂದ ತಂಗಿಯನ್ನು ನಾನೇ ಆ ಪಾರ್ಲರಿಗೆ ಕರೆದುಕೊಂಡು ಹೋದೆ. ಆಕೆ ಅತ್ತಿಂದಿತ್ತ ಓಡಾಡುತ್ತ, ಕ್ರೀಮಿನ ಡಬ್ಬಿ ತೆರೆಯುತ್ತ ಕೇಳಿದಳು: "ಗಂಡನ ಮನೇಲಿ ಹೆಂಗಿದ್ದೀಯಮ್ಮ?"

"ಚೆನ್ನಾಗಿದ್ದೀನಕ್ಕ."

ಮನೆಯಲ್ಲಿ ನಮಗೂ ಅದೇ ಉತ್ತರ ಸಿಕ್ಕಿತ್ತು. ಆಕೆ ಬಗ್ಗಿ ತಂಗಿಯ ಕಾಲು ನೋಡಿದಳು. ಡಬ್ಬಿ ಮುಚ್ಚಿದಳು. ಪಾರ್ಲರಿನ ಬಾಗಿಲು ಹಾಕಿಬಂದು, ಸ್ಟೂಲು ಎಳೆದುಕೊಂಡು, ತಂಗಿಯ ಎದುರು ಕೂತಳು.