ಉಡುದಾರದ ಕವಡೆ

“ಇದ್ರಾಗೆ ಜೀವ ಇತ್ತಾ? ಕವಡೆ ಅಂದ್ರೆ ಕಲ್ಲಲ್ವೇನಕ್ಕಾ?”

ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೊರಟಿದ್ದ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿಯಂಥ ಹೆಂಗಸು ಬೆರಗಾಗಿ ಕೇಳಿದಳು. ಅವಳ ಕೊರಳ ಕರಿದಾರದಲ್ಲಿ ಒಂದೇ ಒಂದು ಕವಡೆ ತೂಗುತ್ತಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಸುಮ್ಮನಿರಲಾಗದೆ, ಅದರೊಳಗೆ ಒಮ್ಮೆ ಜೀವವಿತ್ತು ಎಂದುಬಿಟ್ಟಿದ್ದೆ. ಅದು ಸಮುದ್ರದಲ್ಲಿ ಬದುಕುವ, ಬಸವನಹುಳುವಿನ ಜಾತಿಯ ಜೀವಿಯ ಚಿಪ್ಪು ಎಂದೆ. ಮೊಟ್ಟೆಯಿಟ್ಟ ತಾಯಿ ಕವಡೆ ಅವುಗಳನ್ನು ಮೈಯಡಿ ಮುಚ್ಚಿಕೊಂಡು, ಮರಿಗಳು ಹೊರಬರುವವರೆಗೂ ಕದಲುವುದಿಲ್ಲ ಎಂದು ಪಾಠದ ಹುರುಪಿನಲ್ಲೇ ಹೇಳಿದೆ.

ಅವಳು ಕವಡೆಯನ್ನು ಮುಷ್ಟಿಯಲ್ಲಿ ಹಿಡಿದು ಕಿಟಕಿಯತ್ತ ತಿರುಗಿದಳು. ಮೆಲ್ಲಗೆ ಅಂದಳು: “ನನ್ ಕೂಸಿನ ಉಡುದಾರದ್ದಕ್ಕಾ ಇದು. ದೃಷ್ಟಿ ಆಗ್ಬಾರ್ದು ಅಂತ ಕಟ್ಟಿದ್ದೆ. ಜ್ವರ ಬಂದಾಗ ನಾನೂ ಅದರ ಮಗ್ಗುಲು ಬಿಟ್ಟು ಕದಲಿರ್ಲಿಲ್ಲ. ಆದ್ರೂ ಉಳೀಲಿಲ್ಲ.”

ನಾನು ಅವಳ ಕೈ ಹಿಡಿದುಕೊಂಡೆ. ಕೊಂಡ್ಲಹಳ್ಳಿಯಲ್ಲಿ ಇಳಿದು ಹೋಗುವಾಗಲೂ ಅವಳ ಒಂದು ಕೈ ಕವಡೆಯ ಮೇಲೇ ಇತ್ತು.

ತಾಯಿ ಕವಡೆ ಕದಲುವುದಿಲ್ಲ ಎಂದು ತರಗತಿಯಲ್ಲಿ ಈಗಲೂ ಹೇಳುತ್ತೇನೆ. ‘ಆದರೂ ಮರಿಗಳೆಲ್ಲ ಉಳಿಯುವುದಿಲ್ಲ’ ಎಂಬ ಮುಂದಿನ ವಾಕ್ಯ ಮಾತ್ರ ನನ್ನ ಬಾಯಿಂದ ಬರುವುದಿಲ್ಲ.